ಮೇಸ್ತ್ರಿ ಹಾಕದ ಸೈನು

ಹೋದ ತಿಂಗಳ ಕೊನೆಯ ಶನಿವಾರ ನಮ್ಮ ಗ್ಯಾಸ್ ಏಜೆನ್ಸಿಯ ಆಫೀಸಿನಲ್ಲಿ ಮೆಕ್ಯಾನಿಕ್ ಮೇಸ್ತ್ರಿಗೆ ಬೀಳ್ಕೊಡುಗೆ ಮಾಡಿದರು. ಒಂದು ಶಾಲು, ಒಂದು ಮೈಸೂರು ಪೇಟ, ಒಂದು ಬುಟ್ಟಿ ಹಣ್ಣು. ಬುಟ್ಟಿಯಲ್ಲಿ ಆರು ಸೇಬು ಇದ್ದವು. ಎರಡು ಕೊಳೆತಿದ್ದವು. ಸುತ್ತಿದ್ದ ಬಣ್ಣದ ಹಾಳೆಯ ಹೊರಗಿನಿಂದಲೇ ಅದು ಕಾಣುತ್ತಿತ್ತು. ಓನರ್ ಮೈಕ್ ಹಿಡಿದು, "ಇಷ್ಟು ವರ್ಷದ ಸರ್ವೀಸಲ್ಲಿ ಇವರ ಮೇಲೆ ಒಂದೇ ಒಂದು ಕಂಪ್ಲೇಂಟ್ ಬಂದಿಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮನೆಗೆ ಬಂದು ಡೈರಿ ತೆಗೆದು ಎಣಿಸಿದೆ. ನಾನು ಅವರ ಜೊತೆ ಕೆಲಸ ಮಾಡಿದ್ದು ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಅವರ ಮೇಲೆ ಬಂದ ಕಂಪ್ಲೇಂಟು ಮೂವತ್ತೊಂದು. ಮೂವತ್ತೊಂದೂ ಫೋನಿನಲ್ಲಿ ನಾನೇ ಕೇಳಿಸಿಕೊಂಡು ಬರೆದಿಟ್ಟವು. ಓನರಿಗೂ ಅದು ಗೊತ್ತು. ಮೇಸ್ತ್ರಿಗೂ ಗೊತ್ತು. ಪೇಟ ಇಟ್ಟುಕೊಂಡು ಕೂತಿದ್ದ ಅವರು ಆ ಮಾತಿಗೆ ತಲೆ ಎತ್ತಿ ಓನರನ್ನು ನೋಡಿದರು, ಯಾರದೋ ಅಡುಗೆಮನೆಯ ಸಿಂಕಿನ ಕೆಳಗೆ ಬಗ್ಗಿದಾಗ ನೋಡುತ್ತಿದ್ದ ಮುಖದಲ್ಲೇ.

ಅವರ ಬಗ್ಗೆ ಬರೆಯಬೇಕೆಂದು ಅವತ್ತೇ ಕೂತೆ. ಆದರೆ ಅವರ ಬಗ್ಗೆ ಬರೆಯಬೇಕಾದರೆ ಗುಬ್ಬಿಯಲ್ಲಿರುವ ನನ್ನ ಅಕ್ಕನ ಮಗಳು ಪುಟ್ಟಿಯ ಎಡಗೈ ಬಗ್ಗೆಯೂ ಬರೆಯಬೇಕು. ಆ ಕೈ ಸುಟ್ಟಿದ್ದು ಹೇಗೆ, ಅದರಲ್ಲಿ ನನ್ನ ಪಾಲೆಷ್ಟು ಎಂದು ಅವತ್ತಿನವರೆಗೆ ಅಕ್ಕನಿಗೆ ನಾನು ಹೇಳಿರಲಿಲ್ಲ. ಅದಕ್ಕೇ ಇಷ್ಟು ದಿನ ಹಿಡಿಯಿತು.

ನಮ್ಮ ಕೆಲಸ ಇಷ್ಟು. ಗ್ಯಾಸ್ ಕನೆಕ್ಷನ್ ಇರುವ ಮನೆಗಳಿಗೆ ಹೋಗಿ ಟ್ಯೂಬು, ರೆಗ್ಯುಲೇಟರು, ಒಲೆ, ಗಾಳಿಯಾಡುವ ಕಿಟಕಿ ನೋಡುವುದು. ಎಲ್ಲ ಸರಿಯಿದ್ದರೆ ಫಾರಂ ಮೇಲೆ 'ಸುರಕ್ಷಿತ' ಎಂದು ಬರೆದು ಮೆಕ್ಯಾನಿಕ್ ಒಬ್ಬರು, ಜೊತೆಗೆ ಹೋದವರು ಒಬ್ಬರು ಸೈನು ಹಾಕುವುದು. ಮಧ್ಯಾಹ್ನದ ಹೊತ್ತು ಮನೆಯಲ್ಲಿ ಹೆಂಗಸರೇ ಇರುವುದರಿಂದ ಜೊತೆಗೆ ಒಬ್ಬಳು ಹುಡುಗಿ ಇರಲಿ ಎಂದು ನನ್ನನ್ನು ತೆಗೆದುಕೊಂಡಿದ್ದರು. ಮೇಸ್ತ್ರಿಯ ಹಳೇ ಸ್ಕೂಟರಿನ ಹಿಂದೆ ಕೂತು ತುಮಕೂರಿನ ಬಡಾವಣೆಗಳು, ವಾರಕ್ಕೆರಡು ದಿನ ಗುಬ್ಬಿ, ಒಂದು ದಿನ ಕುಣಿಗಲ್. ಅವರ ಸ್ವಂತ ಊರು ಮಾರ್ಕೋನಹಳ್ಳಿ ಕಡೆ. ಕುಣಿಗಲ್ ಕೆಲಸವನ್ನು ಶನಿವಾರಕ್ಕೇ ಇಟ್ಟುಕೊಂಡು, ನನ್ನನ್ನು ತುಮಕೂರಿನ ಬಸ್ಸಿಗೆ ಹತ್ತಿಸಿ ಹಾಗೇ ಊರಿಗೆ ಹೋಗುತ್ತಿದ್ದರು.

ಕುಳ್ಳ ಆಳು. ಕಿವಿಯ ತುಂಬ ಕೂದಲು. ಯಾವ ಮನೆಗೆ ಹೋದರೂ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ. "ಎಲ್ರೂ ಈಚೆ ಬನ್ನಿ. ಮಿಕ್ಸಿ ನಿಲ್ಸಿ. ಊದಿನಕಡ್ಡಿ ಹಚ್ಚಿದ್ರೆ ಆಚೆ ತಗೊಂಡ್ ಹೋಗಿ" ಎಂದು, ಕಣ್ಣು ಮುಚ್ಚಿ ಮೂಗಿನಿಂದ ಎರಡು ಸಲ ಗಾಳಿ ಎಳೆದುಕೊಳ್ಳುತ್ತಿದ್ದರು. ಆಮೇಲೆ ಮಂಡಿಯೂರಿ ಸಿಲಿಂಡರಿನ ಮಟ್ಟಕ್ಕೆ ಮುಖ ಇಟ್ಟು ಇನ್ನೆರಡು ಸಲ. "ಗ್ಯಾಸು ನೆಲ ಹಿಡ್ಕೊಂಡ್ ಹರಿಯೋದು ಕಣಮ್ಮ. ನಿಂತ್ಕೊಂಡ್ ಮೂಸೋನಿಗೆ ಕಡೇಲಿ ಗೊತ್ತಾಗೋದು" ಎನ್ನುವರು. ಮೊದಲು ನಶ್ಯ ಹಾಕುತ್ತಿದ್ದರಂತೆ. ಈ ಕೆಲಸಕ್ಕೆಂದು ಬಿಟ್ಟರಂತೆ. ಮೂಸುವುದರ ಮೇಲೆ ಬಂದ ಕಂಪ್ಲೇಂಟು ಐದು. "ನಮ್ಮನೆ ನಾರುತ್ತಾ? ನಾಯಿ ಥರ ಮೂಸ್ತಾನಲ್ಲ" ಎಂದು ಒಬ್ಬಾಕೆ ನನ್ನ ಕಿವಿ ಹರಿಯುವ ಹಾಗೆ ಕೂಗಿದ್ದರು.

ನಿಜ ಹೇಳಬೇಕೆಂದರೆ ನಾರುತ್ತಿತ್ತು. ಎಲ್ಲ ಮನೆಯೂ ಅಲ್ಲ, ಆದರೆ ಹದಿನಾಲ್ಕು ತಿಂಗಳಲ್ಲಿ ನಾನು ನೋಡಿದ್ದನ್ನು ನೋಡಿದವರಿಗೆ ಯಾರ ಮನೆಯ ತಿಂಡಿಯೂ ಗಂಟಲಲ್ಲಿ ಇಳಿಯುವುದಿಲ್ಲ. ಹಾಲ್‌ನಲ್ಲಿ ಗಾಜಿನ ಶೋಕೇಸು, ದೊಡ್ಡ ಟೀವಿ, ಮುಖ ಕಾಣುವ ಹಾಗೆ ಹೊಳೆಯುವ ಟೈಲ್ಸು. ಅಡುಗೆಮನೆಯಲ್ಲಿ ಒಲೆ ಎತ್ತಿದರೆ ಕೆಳಗೆ ಬೆರಳು ಹೂತುಹೋಗುವಷ್ಟು ಜಿಡ್ಡು. ಅದರೊಳಗೆ ಸತ್ತ ಜಿರಲೆ, ಜೀವಂತ ಜಿರಲೆ, ಯಾವ ಕಾಲದ್ದೋ ಒಗ್ಗರಣೆಯ ಸಾಸಿವೆ. ಮೇಸ್ತ್ರಿ ತೋರುಬೆರಳನ್ನು ಅದರಲ್ಲಿ ಒಂದು ಸಲ ಎಳೆದು ಮನೆಯೊಡತಿಯ ಮುಖದ ಮುಂದೆ ಹಿಡಿಯುತ್ತಿದ್ದರು. "ನೋಡಿ ತಾಯಿ. ಇದಕ್ಕೆ ಬೆಂಕಿ ಹಚ್ಚೋಕೆ ಸೀಮೆಎಣ್ಣೆ ಬೇಕಾಗಿಲ್ಲ." ಆ ಬೆರಳಿನ ಮೇಲೆ ಬಂದ ಕಂಪ್ಲೇಂಟು ಏಳು. ಜಿಡ್ಡಿನ ಮೇಲೆ ಸೊನ್ನೆ.

ಸಿಲಿಂಡರಿಗೆ ಲಂಗ ಹೊಲಿಸಿದ ಮನೆಗಳಿದ್ದವು. ಕಲೆ ಕಾಣದಿರಲಿ ಎಂದು ಹಳೇ ಸೀರೆಯ ಜರಿಯಂಚು ಇಟ್ಟು ಹೊಲಿದ ಲಂಗ. ರೆಗ್ಯುಲೇಟರಿಗೆ ಕ್ರೋಶಾ ಟೋಪಿ. ಶಿರಾಗೇಟ್ ಕಡೆಯ ಒಂದು ಮನೆಯಲ್ಲಿ ಟ್ಯೂಬು ಹೊಸದಾಗಿಯೇ ಇರಲಿ ಎಂದು ಅದರ ಉದ್ದಕ್ಕೂ ರಿಬ್ಬನ್ ಸುತ್ತಿದ್ದರು. ಬಿಚ್ಚಿದರೆ ಒಳಗೆ ಇಲಿ ಕಡಿದ ಮೂರು ಜಾಗ. ಇನ್ನೊಂದು ಮನೆಯಲ್ಲಿ ಮೇಸ್ತ್ರಿ ಸಿಲಿಂಡರಿನ ಲಂಗ ಬಿಚ್ಚುತ್ತಾ, "ಹೆಣ್ಣು ರೆಡಿ ಐತಲ್ಲ ತಾಯಿ, ಗಂಡು ಎಲ್ಲಿಂದ ಬತ್ತದೆ? ಫೈರ್ ಸ್ಟೇಷನ್ನಿಂದ್ಲಾ?" ಎಂದುಬಿಟ್ಟರು. ಕಂಪ್ಲೇಂಟು.

ಆಯುಧಪೂಜೆ ಮಾರನೆಯ ದಿನ ಹೋದ ಮನೆಗಳಲ್ಲಿ ನಾಲ್ಕು ಕಡೆ ತುಂಬಿದ ಸಿಲಿಂಡರಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಅದರ ತಲೆಯ ಮೇಲೇ ಕರ್ಪೂರ ಹಚ್ಚಿದ ಕಪ್ಪು ಗುರುತಿತ್ತು. ಅದರಲ್ಲಿ ಒಂದು ಮನೆಯ ಯಜಮಾನರು ಕಾಲೇಜಿನಲ್ಲಿ ಪಾಠ ಹೇಳುವವರು. "ಒಂದ್ ನಿಮಿಷ ಅಷ್ಟೇರಿ, ಸೀಲ್ ಇತ್ತಲ್ಲ" ಎಂದರು. ಮೇಸ್ತ್ರಿ ಅವರ ಜೊತೆ ಮಾತೇ ಆಡಲಿಲ್ಲ. ನನ್ನ ಕಡೆ ತಿರುಗಿ, "ಬರ್ಕೊಳಮ್ಮ, ವಿದ್ಯಾವಂತರು" ಎಂದರು. ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಡೈರಿಯಲ್ಲಿ ಬರೆದುಕೊಂಡೆ.

ನೈಟಿಯ ಮೇಲಿನ ಕಂಪ್ಲೇಂಟು ನಾಲ್ಕು. ಗುರುತಿಲ್ಲದ ಹೆಂಗಸಿಗೆ, ಬಾಗಿಲು ತೆಗೆದ ಎರಡನೇ ನಿಮಿಷಕ್ಕೆ, "ಈ ನೈಲಾನ್ ನೈಟಿ ಹಾಕ್ಕೊಂಡು ಒಲೆ ಮುಂದೆ ನಿಂತ್ಕೋಬೇಡಿ, ಬೆಂಕಿ ತಗುಲಿದ್ರೆ ಮೈಗೆ ಅಂಟ್ಕೊಂಡ್ ಕರಗ್ತದೆ, ಕಾಟನ್ ಹಾಕಿ" ಎನ್ನುವ ಗಂಡಸಿನ ಜೊತೆ ಊರೂರು ತಿರುಗುವುದು ಎಷ್ಟು ಮುಜುಗರ ಎಂದು ನನಗೇ ಗೊತ್ತು. "ಸ್ವಲ್ಪ ನಯವಾಗಿ ಹೇಳಿ ಮೇಸ್ತ್ರಿ" ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ನಯವಾಗಿ ಹೇಳೋರು ಬೇಕಾದಷ್ಟು ಜನ ಅವ್ರೆ. ಟೀವೀಲಿ ಹಾಡೇ ಹೇಳ್ತಾರೆ. ಕೇಳವ್ರಾ ಯಾರಾದ್ರೂ?" ಎನ್ನುವರು.

ಅವರನ್ನು ದೇವರು ಮಾಡಲು ನಾನು ಕೂತಿಲ್ಲ. ಅವರು ಬೈಯುತ್ತಿದ್ದದ್ದು ಯಾವಾಗಲೂ ಹೆಂಗಸರನ್ನೇ. ಕುಣಿಗಲ್‌ನ ಕೋಟೆ ಬೀದಿಯಲ್ಲಿ ಒಬ್ಬರು ಸೌಟು ಕೈಯಲ್ಲೇ ಹಿಡಿದು ತಿರುಗಿ ಬಿದ್ದರು. "ಟ್ಯೂಬ್ ತನ್ನಿ ಅಂತ ನಮ್ಮನೆಯವ್ರಿಗೆ ಯುಗಾದಿಯಿಂದ ಹೇಳ್ತಿದೀನಿ. ತರದೇ ಇರೋರು ಅವ್ರು, ಉಗಿಸ್ಕೊಳೋಳು ನಾನಾ? ನಿಮ್ಮನೇಲಿ ನಿಮ್ ಹೆಂಡ್ತಿ ಟ್ಯೂಬ್ ತರ್ತಾರಾ?" ಮೇಸ್ತ್ರಿ ಜೇಬಿನಿಂದ ಫೋನ್ ತೆಗೆದರು. "ಯಜಮಾನ್ರ ನಂಬರ್ ಕೊಡಿ ತಾಯಿ" ಎಂದು ಅಲ್ಲಿಂದಲೇ ಫೋನ್ ಮಾಡಿ ಆತನಿಗೆ ಉಗಿದರು. ಆಮೇಲಿಂದ ಅದೇ ರೂಢಿಯಾಯಿತು. ಗಂಡಸರಿಂದ ಬಂದ ಕಂಪ್ಲೇಂಟುಗಳೆಲ್ಲ ಆ ದಿನದಿಂದ ಈಚೆಗೆ ಬಂದವು.

ಹೊರಡುವ ಮುಂಚೆ ಅವರು ಪ್ರತಿ ಮನೆಯಲ್ಲೂ ಎರಡು ಪ್ರಶ್ನೆ ಕೇಳುತ್ತಿದ್ದರು. ಗ್ಯಾಸ್ ವಾಸನೆ ಬಂದರೆ ಏನು ಮಾಡುತ್ತೀರಿ? ಮೈ ಸುಟ್ಟರೆ ಏನು ಹಚ್ಚುತ್ತೀರಿ? ಎರಡನೆಯದಕ್ಕೆ ಬರುತ್ತಿದ್ದ ಉತ್ತರಗಳನ್ನು ನಾನು ಒಂದು ಪುಟದಲ್ಲಿ ಬರೆದಿದ್ದೇನೆ. ಟೂತ್‌ಪೇಸ್ಟ್, ದೋಸೆ ಹಿಟ್ಟು, ಇಂಕು, ಅರಿಶಿನ, ಕೊಬ್ಬರಿ ಎಣ್ಣೆ. ನೀರು ಎಂದವರು ಕಡಿಮೆ. "ನಲ್ಲಿ ಬಿಟ್ಟು ಅದರ ಕೆಳಗೆ ಇಪ್ಪತ್ತು ನಿಮಿಷ ಹಿಡೀರಿ. ಆಮೇಲೆ ಆಸ್ಪತ್ರೆ. ಮಧ್ಯದಲ್ಲಿ ಏನೂ ಇಲ್ಲ" ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಹೆಚ್ಚಿನವರ ಕಣ್ಣು ಮತ್ತೆ ಟೀವಿಯ ಮೇಲೆ ಹೋಗಿರುತ್ತಿತ್ತು.

ಮೊದಲನೇ ಪ್ರಶ್ನೆಯಲ್ಲೇ ಆದದ್ದು ಗುಬ್ಬಿಯ ಕಥೆ.

ಫೆಬ್ರವರಿಯ ಎರಡನೇ ಮಂಗಳವಾರ. ಪಟ್ಟಿಯಲ್ಲಿ ಹನ್ನೊಂದನೇ ಮನೆ ನನ್ನ ಅಕ್ಕನದು. ಅಕ್ಕ, ಭಾವ, ಅಕ್ಕನ ಅತ್ತೆ, ಪುಟ್ಟಿ, ನಾಲ್ಕೇ ಜನ. ಪುಟ್ಟಿಗೆ ಆರು ವರ್ಷ. ನಾನು ಆ ಅಡುಗೆಮನೆಯಲ್ಲಿ ಹತ್ತಾರು ಸಲ ಊಟ ಮಾಡಿದ್ದೆ. ಏನನ್ನೂ ನೋಡಿರಲಿಲ್ಲ. ಅವತ್ತು ಮೇಸ್ತ್ರಿಯ ಹಿಂದೆ ನಿಂತು ನೋಡಿದೆ. ಸಿಲಿಂಡರು ಕಟ್ಟೆಯ ಕೆಳಗೆ ಮರದ ಬಾಗಿಲಿನ ಗೂಡಿನಲ್ಲಿ, ಗಾಳಿಯಿಲ್ಲದೆ. ಟ್ಯೂಬಿನ ಮಧ್ಯೆ ಕವಲು ತೆಗೆಯಲು ಒಂದು ಹಿತ್ತಾಳೆಯ ಟಿ ಹಾಕಿ, ಎರಡನೇ ಟ್ಯೂಬನ್ನು ಗೋಡೆಯ ತೂತಿನಿಂದ ಹಿತ್ತಲಿನ ಒಲೆಗೆ ಎಳೆದಿದ್ದರು. ಗೂಡಿನಿಂದ ಎರಡು ಮಾರು ದೂರದಲ್ಲಿ ನೆಲದ ಮಟ್ಟಕ್ಕೇ ದೇವರ ಮಂಟಪ, ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಉರಿಯುವ ದೀಪ. ಮೇಲೆ ಅಟ್ಟದ ತುಂಬ ಕೊಬ್ಬರಿಗೆಂದು ಇಟ್ಟ ಒಣಗಿದ ಕಾಯಿ.

ಮೇಸ್ತ್ರಿ ತೂತಿನಿಂದ ಟ್ಯೂಬನ್ನು ಎಳೆದು ತೋರಿಸಿದರು. ಇಲಿ ಕಡಿದಿತ್ತು. ಇನ್ನೂ ಪೂರ್ತಿ ತೂತಾಗಿರಲಿಲ್ಲ.

"ಅಮ್ಮಾ, ಗ್ಯಾಸ್ ವಾಸ್ನೆ ಬಂತು ಅಂತ ಇಟ್ಕೊಳಿ. ಈ ದೀಪ ಉರೀತಾ ಅದೆ. ಏನ್ ಮಾಡ್ತೀರಿ?"

ಅಕ್ಕನ ಅತ್ತೆ ಠೀವಿಯಿಂದ ಹೇಳಿದರು. "ದೀಪ ದೊಡ್ದು ಮಾಡ್ತೀವಿ. ಅಷ್ಟೂ ಗೊತ್ತಾಗಲ್ವಾ ನಮಗೆ?"

ನಮ್ಮ ಕಡೆ ಹಳಬರು 'ದೀಪ ಆರಿಸು' ಎನ್ನುವುದಿಲ್ಲ. ಅದು ಅಪಶಕುನದ ಮಾತು. ಬಳೆ ಒಡೆದರೆ ಹೆಚ್ಚಾಯಿತು ಎನ್ನುವ ಹಾಗೆ, ದೀಪ ಆರಿಸಬೇಕಾದರೆ 'ದೊಡ್ಡದು ಮಾಡು' ಎನ್ನುತ್ತಾರೆ.

"ಆರಿಸ್ತೀವಿ ಅನ್ನಿ."

"ಶಿವಶಿವಾ! ಮುತ್ತೈದೆ ಇರೋ ಮನೇಲಿ ಅದೇನ್ ಮಾತು ಅಂತ ಆಡ್ತೀರಿ? ನಿಮ್ಮನೇಲಿ ಹಿರೀರು ಇಲ್ವಾ?"

"ನಿಮಗೆ ಅರ್ಥ ಆಗ್ತದೆ. ಈ ಮಗೂಗೆ?" ಮೇಸ್ತ್ರಿ ಬಾಗಿಲ ಹತ್ತಿರ ನಿಂತಿದ್ದ ಪುಟ್ಟಿಯ ಕಡೆ ತಿರುಗಿದರು. "ಏನವ್ವಾ, ದೊಡ್ದು ಅಂದ್ರೆ ಎಷ್ಟು?"

ಪುಟ್ಟಿ ಎರಡೂ ಕೈ ಅಗಲಿಸಿ, ತುದಿಗಾಲಲ್ಲಿ ನಿಂತು, "ಇಷ್ಟೂ" ಎಂದಳು.

ಎಲ್ಲರೂ ನಕ್ಕೆವು. ಅತ್ತೆ ಅವಳ ಕೆನ್ನೆ ಹಿಂಡಿದರು. ಮೇಸ್ತ್ರಿ ನಗಲಿಲ್ಲ. ರೆಗ್ಯುಲೇಟರು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. "ಟಿ ತೆಗ್ಸಿ. ಗೂಡಿನ ಬಾಗ್ಲು ಕೀಳ್ಸಿ. ದೀಪಾನ ನಡುಮನೆಗೆ ತಗೊಂಡೋಗಿ. ಆದ ದಿವಸ ಫೋನ್ ಮಾಡಿ, ನಾನೇ ಬಂದು ಹಾಕ್ಕೊಡ್ತೀನಿ." ಫಾರಂ ಮೇಲೆ 'ಸುರಕ್ಷಿತವಲ್ಲ' ಎಂದು ಬರೆದು ಸೈನು ಹಾಕಿದರು. ನಾನೂ ಹಾಕಿದೆ.

ಒಂದು ದಿನ ಬಿಟ್ಟು, ಗುರುವಾರ, ಓನರ್ ನನ್ನನ್ನು ಒಳಗೆ ಕರೆದರು. ಭಾವ ಫೋನ್ ಮಾಡಿದ್ದರಂತೆ. "ನಿಮ್ಮಕ್ಕನ ಮನೆನೇ ಅಂತಲ್ಲಮ್ಮ. ಹಬ್ಬ ಹತ್ರ ಬಂತು, ಹೆಂಗಸ್ರು ಸೌದೆ ಒಲೆ ಊದ್ತಾ ಕೂತವ್ರಂತೆ. ಮುದುಕಪ್ಪನಿಗೆ ಹುಚ್ಚು. ಹೊಸಾ ಫಾರಂ ತಗೋ, ಒಂದು ಸೈನ್ ಹಾಕ್ಬಿಡು, ಅಡ್ಜಸ್ಟ್ ಮಾಡ್ಕೋ." ಹಳೇ ಫಾರಂ ಅವರ ಮೇಜಿನ ಮೇಲೇ ಇತ್ತು. ನನ್ನ ಎದುರಿಗೇ ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಹೊಸ ಫಾರಂನಲ್ಲಿ ನಾನು 'ಸುರಕ್ಷಿತ' ಎಂದು ಬರೆದೆ. ಸೈನು ಹಾಕಿದೆ. ಮೆಕ್ಯಾನಿಕ್ ಸೈನಿನ ಜಾಗದಲ್ಲಿ ಓನರೇ ಪೆನ್ನು ತೆಗೆದುಕೊಂಡು ಮೇಸ್ತ್ರಿಯ ಹೆಸರಿನ ಹಾಗೆ ಕಾಣುವ ಒಂದು ಗೀಟು ಎಳೆದರು. ಸಂಜೆ ಆಫೀಸಿನಲ್ಲಿದ್ದ ಮೇಸ್ತ್ರಿಯ ಚೀಲದಿಂದ ರೆಗ್ಯುಲೇಟರು ತೆಗೆದು, ನಾನೇ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಕೊಟ್ಟು ಬಂದೆ. ಅತ್ತೆ ಕೋಡುಬಳೆ ಕೊಟ್ಟರು. ತಿಂದೆ.

ಮೇಸ್ತ್ರಿಗೆ ಮಾರನೇ ದಿನವೇ ಗೊತ್ತಾಯಿತು, ಚೀಲದಲ್ಲಿ ಒಂದು ರೆಗ್ಯುಲೇಟರು ಕಡಿಮೆ ಇತ್ತಲ್ಲ. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಒಂಬತ್ತು ದಿನ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಹತ್ತನೇ ದಿನ ಸ್ಕೂಟರ್ ಹತ್ತುವಾಗ ಹೇಳಿದರು. "ನಿಂಗೆ ಬರೆಯೋ ಹುಚ್ಚು ಐತೆ. ಒಳ್ಳೇದೇ. ಆದ್ರೆ ನೀನು ಬರೆದಿದ್ದು ಅಡುಗೆಮನೆ ಒಳಗೆ ಹೋಗಿ ಏನೂ ಕೆಲ್ಸ ಮಾಡಲ್ಲ ಕಣಮ್ಮ. ಟಿ ಟಿಯಾಗೇ ಇರ್ತದೆ." ನನಗೆ ಕೋಪ ಬಂತು. ಮನಸ್ಸಿನಲ್ಲೇ ಹುಚ್ಚು ಮುದುಕ ಎಂದುಕೊಂಡೆ. ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ.

ಏಪ್ರಿಲ್, ಒಂದು ಭಾನುವಾರ, ಬೆಳಗ್ಗೆ ಎಂಟರ ಸುಮಾರು. ಅಕ್ಕ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಭಾವ ಮನೆಯಲ್ಲಿರಲಿಲ್ಲ. ಅತ್ತೆ ಹಿತ್ತಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಅವರಿಗೆ ವಾಸನೆ ಬಂತು. ಮಂಡಿನೋವು, ಬೇಗ ಏಳಲಾಗುವುದಿಲ್ಲ. ಹಾಲ್‌ನಲ್ಲಿ ಟೀವಿ ನೋಡುತ್ತಿದ್ದ ಮೊಮ್ಮಗಳನ್ನು ಕೂಗಿದರು. "ಪುಟ್ಟೀ, ಗ್ಯಾಸ್ ವಾಸ್ನೆ ಬತ್ತೈತೆ, ದೇವ್ರ ದೀಪ ದೊಡ್ದು ಮಾಡೇ!"

ಪುಟ್ಟಿ ಹೇಳಿದ ಮಾತು ಕೇಳುವ ಮಗು. ಓಡಿ ಹೋಗಿ, ಮಂಟಪದ ಮುಂದೆ ಕುಕ್ಕರಗಾಲಲ್ಲಿ ಕೂತು, ಎಡಗೈಯಲ್ಲಿ ಬತ್ತಿಯನ್ನು ಮುಂದಕ್ಕೆ ಎಳೆದಳು. ಅವಳು ಎಡಚಿ.

ಪಕ್ಕದ ಮನೆಯ ಹೆಂಗಸು ಹಸಿ ಗೋಣಿಚೀಲ ಎಸೆದು ಮಗುವನ್ನು ಹೊರಗೆ ಎಳೆದುಕೊಂಡರು. ಗಂಡಸೊಬ್ಬರು ಇನ್ನೊಂದು ಗೋಣಿ ಹೊದ್ದು ಒಳಗೆ ನುಗ್ಗಿ ಸಿಲಿಂಡರಿನ ಬಾಯಿ ಮುಚ್ಚಿದರು. ಅಟ್ಟಕ್ಕೆ ಬೆಂಕಿ ತಲುಪಲಿಲ್ಲ. ಪುಟ್ಟಿಯ ಮುಂದಲೆ ಕೂದಲು, ಹುಬ್ಬು, ಎಡಗೈ ಅಂಗೈಯಿಂದ ಮೊಣಕೈವರೆಗೆ ಸುಟ್ಟಿತ್ತು. ಆಟೋ ಬರುವಷ್ಟರಲ್ಲಿ ಯಾರೋ ಆ ಕೈಗೆ ಒಂದು ಇಡೀ ಟೂತ್‌ಪೇಸ್ಟ್ ಬಳಿದಿದ್ದರು. ತುಮಕೂರಿನ ಆಸ್ಪತ್ರೆಯಲ್ಲಿ ನರ್ಸು ಅದನ್ನು ಚರ್ಮದಿಂದ ಬಿಡಿಸುವಾಗ ನಾನು ಹೊರಗೆ ನಿಂತಿದ್ದೆ. ಆ ಅಳುವಿನ ಜೊತೆಗೆ ಪುದೀನದ ವಾಸನೆ ಬರುತ್ತಿತ್ತು. ಈಗಲೂ ಪೇಸ್ಟಿನಲ್ಲಿ ಹಲ್ಲುಜ್ಜಲು ನನಗೆ ಹೇಸಿಗೆಯಾಗುತ್ತದೆ. ಹಲ್ಲುಪುಡಿಗೆ ಬದಲಾಯಿಸಿಕೊಂಡಿದ್ದೇನೆ.

ಹತ್ತೊಂಬತ್ತು ದಿನ ಆಸ್ಪತ್ರೆ. ನೋಡಲು ಬಂದವರಿಗೆಲ್ಲ ಭಾವ, "ಶಾರ್ಟ್ ಸರ್ಕ್ಯೂಟ್" ಎಂದರು. ಅತ್ತೆ, "ದೃಷ್ಟಿ" ಎಂದರು. ಬಂದವರು ತಲೆಯಾಡಿಸಿ ಎಳನೀರು ಇಟ್ಟು ಹೋದರು. ಒಬ್ಬರೂ ಟ್ಯೂಬಿನ ಮಾತೆತ್ತಲಿಲ್ಲ. ಮೇಸ್ತ್ರಿ ಮೂರು ಸಲ ಬಂದರು. ವಾರ್ಡಿನ ಬಾಗಿಲಲ್ಲಿ ನಿಂತು ಪುಟ್ಟಿಯನ್ನು ನೋಡಿ, ಕಾರಿಡಾರಿನಲ್ಲಿ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು. "ವಾಸ್ನೆ ಬಂದ ಮನೆಯಿಂದ ಮಗೂನ ಆಚೆಗೆ ಓಡ್ಸಬೇಕು. ಒಳಕ್ಕೆ ಕಳಿಸವ್ರೆ." ನನ್ನ ಸೈನಿನ ಸುದ್ದಿ ಎತ್ತಲಿಲ್ಲ.

ವಿಚಾರಣೆಗೆ ಮೇಲಿನ ಕಂಪನಿಯಿಂದ ಆಫೀಸರ್ ಒಬ್ಬರು ಬಂದರು. ಮೇಜಿನ ಮೇಲೆ 'ಸುರಕ್ಷಿತ' ಎಂಬ ಫಾರಂ. ಮೇಸ್ತ್ರಿ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಇದು ನನ್ ಸೈನ್ ಅಲ್ಲ ಸಾರ್. ಆ ಮನೆಗೆ ನಾನು ಸುರಕ್ಷಿತ ಅಂತ ಬರೆದಿಲ್ಲ. ರೆಗ್ಯುಲೇಟ್ರು ಬಿಚ್ಕೊಂಡ್ ಬಂದಿದ್ದೆ."

ಓನರ್ ನಕ್ಕರು. "ವಯಸ್ಸಾಯ್ತು ಸಾರ್, ಮರ್ತೋಗ್ತಾರೆ."

ಆಫೀಸರ್ ನನ್ನ ಕಡೆ ತಿರುಗಿದರು. "ನೀವೂ ಜೊತೇಲಿ ಹೋಗಿದ್ರಲ್ಲಮ್ಮ. ಏನಾಯ್ತು?"

ನಾನು, ಯಾವ ದಿನ ಯಾವ ಮನೆಯಲ್ಲಿ ಎಷ್ಟು ಜಿರಲೆ ಇದ್ದವು ಎಂದು ಬರೆದಿಟ್ಟುಕೊಳ್ಳುವವಳು, ಹೇಳಿದೆ. "ಸರಿಯಾಗಿ ನೆನಪಿಲ್ಲ ಸಾರ್."

ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. ನನ್ನ ಮಡಿಲಲ್ಲಿದ್ದ ಬ್ಯಾಗನ್ನು ನೋಡಿದರು. ಡೈರಿ ಅದರಲ್ಲಿತ್ತು. ಅದು ಅವರಿಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಆಫೀಸರ್ ಅದನ್ನು ಕೇಳಿ ತೆಗೆಸುತ್ತಿದ್ದರು. ಅವರು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕರುಣೆಯಿಂದ ಎಂದು ಅಂದುಕೊಳ್ಳಲು ಆಸೆ. ಆದರೆ ಅವರ ಮುಖದಲ್ಲಿದ್ದದ್ದು ಕರುಣೆ ಅಲ್ಲ, ಅಸಹ್ಯ.

ರಿಪೋರ್ಟಿನಲ್ಲಿ 'ಗ್ರಾಹಕರ ಅಜಾಗರೂಕತೆ, ಆಕಸ್ಮಿಕ' ಎಂದು ಬಂತು. ಮುಂದಿನ ತಿಂಗಳೇ ಮೇಸ್ತ್ರಿಗೆ ಮರೆವು ಜಾಸ್ತಿಯಾಗಿದೆ ಎಂದು ಕೆಲಸ ಬಿಡಿಸಿದರು. ಶಾಲು, ಪೇಟ, ಸೇಬು, ಒಂದೂ ಕಂಪ್ಲೇಂಟ್ ಇಲ್ಲದ ಮನುಷ್ಯ ಎಂಬ ಭಾಷಣ. ಹೋಗುವಾಗ ಅವರು ಬುಟ್ಟಿಯನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಹೋದರು. ಸೋಮವಾರ ಆಫೀಸಿನ ತುಂಬ ಕೊಳೆತ ಹಣ್ಣಿನ ನಾತ.

ಆ ಸೋಮವಾರದಿಂದ ನಮಗೆ ಮನೆಮನೆಗೆ ಹೋಗುವ ಕೆಲಸವೂ ಉಳಿಯಲಿಲ್ಲ. ಫಾರಂಗಳನ್ನು ಆಫೀಸಿನಲ್ಲೇ ಕೂತು ತುಂಬಿ ಎಂದರು. ಮೊದಲ ದಿನ ನಾನು ತುಂಬಿದ್ದು ಅರವತ್ತೆರಡು. ಅರವತ್ತೆರಡೂ ಸುರಕ್ಷಿತ. ಅರವತ್ಮೂರನೆಯದಕ್ಕೆ ಕೈ ಏಳಲಿಲ್ಲ.

ಭಾನುವಾರ ಗುಬ್ಬಿಗೆ ಹೋದೆ. ಅಕ್ಕನನ್ನು ಹಾಲ್‌ನಲ್ಲಿ ಕೂರಿಸಿ ಡೈರಿಯ ಆ ಪುಟ ಓದಿದೆ. ಗುರುವಾರ, ಹೊಸ ಫಾರಂ, ನನ್ನ ಸೈನು, ಓನರ್ ಎಳೆದ ಗೀಟು, ಕೋಡುಬಳೆ. ಅಕ್ಕ ಅಳುತ್ತಾಳೆ, ಇಲ್ಲವೇ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು.

"ಗೊತ್ತು ಕಣೇ. ನಿಮ್ ಭಾವನ ಕೈಲಿ ಫೋನ್ ಮಾಡ್ಸಿದ್ದು ಯಾರು ಅಂದ್ಕೊಂಡೆ? ನಾನೇ. ಎರಡು ದಿನ ಸೌದೆ ಊದಿ ಊದಿ, ಮೇಲೆ ಅತ್ತೆ ಬಾಯಿ. ನಿನ್ ತಂಗಿ ಬಂದು ಮನೆ ಮಾನ ಕಳೆದ್ಳು ಅಂತ. ನನ್ ತಂಗಿ ಅಲ್ಲೇ ಅವ್ಳಲ್ಲ, ಒಂದ್ ಸೈನ್ ತಾನೆ, ಹಾಕ್ತಾಳೆ ಅಂತ ನಾನೇ ಹೇಳ್ದೆ."

ನಾನು ಆಫೀಸರಿಗೆ ಬರೆದುಕೊಂಡು ಹೋಗಿದ್ದ ಎರಡು ಪುಟದ ಕಾಗದವನ್ನು ಅವಳ ಕೈಗೆ ಕೊಟ್ಟೆ. ಒಂದೊಂದೇ ಸಾಲು ಓದಿದಳು. 'ಮನೆಯವರ ಒತ್ತಾಯದ ಮೇರೆಗೆ' ಎಂದು ಬರೆದಿದ್ದ ಕಡೆ ಪೆನ್ನು ಕೇಳಿದಳು. 'ಮನೆಯವರ' ಎನ್ನುವುದನ್ನು ಹೊಡೆದು ಹಾಕಿ 'ನನ್ನ ಅಕ್ಕನ' ಎಂದು ಬರೆದಳು. ಒಳಗಿನಿಂದ ಅತ್ತೆ, "ಏನೇ ಅದು ಅಕ್ಕ ತಂಗೀರು ಗುಸುಗುಸು?" ಎಂದರು. ಅಕ್ಕ, "ಆಗಿದ್ದನ್ನ ಬರೀತಿದೀವಿ ಅತ್ತೆ" ಎಂದಳು.

ಸೋಮವಾರ ರಿಜಿಸ್ಟರ್ ಪೋಸ್ಟಿಗೆ ಹಾಕಿದೆ. ಒಂದು ಪ್ರತಿಯನ್ನು ಓನರಿನ ಮೇಜಿನ ಮೇಲಿಟ್ಟೆ. ಮಂಗಳವಾರ ನನ್ನನ್ನು ಕೆಲಸದಿಂದ ತೆಗೆದರು. ಬುಧವಾರ ಬೆಳಗ್ಗೆ ಮೇಸ್ತ್ರಿಗೆ ಫೋನ್ ಮಾಡಿದೆ. ತೋಟದಲ್ಲಿದ್ದರು, ಹಿಂದೆ ನೀರಿನ ಸದ್ದು ಕೇಳುತ್ತಿತ್ತು. ಎಲ್ಲ ಹೇಳಿದೆ. ಕಾಗದ, ಅಕ್ಕ ಹೊಡೆದು ಹಾಕಿದ ಪದ, ಕೆಲಸ ಹೋದದ್ದು. ಅವರು ಏನಾದರೂ ಅನ್ನುತ್ತಾರೆ ಎಂದು ಕಾದೆ. ಒಂದು ಭೇಷ್ ನಿರೀಕ್ಷಿಸುತ್ತಿದ್ದೆ, ಸುಳ್ಳೇಕೆ.

"ಮಗೂ ಕೈ ಹೆಂಗದೆ?"

"ಬೆರಳು ಮಡಚ್ತಾಳೆ. ಮುಷ್ಟಿ ಪೂರ್ತಿ ಬರಲ್ಲ."

"ಆ ಟಿ ತೆಗೆದ್ರಾ?"

"ಹೂಂ, ತೆಗೆದ್ರಂತೆ."

"ಅಂತೆ? ನೀನ್ ನೋಡಿದ್ಯಾ?"

ನಾನು ಭಾನುವಾರ ಆ ಮನೆಯಲ್ಲಿ ಮೂರು ಗಂಟೆ ಇದ್ದೆ. ನನ್ನ ತಪ್ಪು ಹೇಳಿಕೊಳ್ಳುವುದರಲ್ಲೇ ಮುಳುಗಿದ್ದೆ. ಅಡುಗೆಮನೆಗೆ ಕಾಲೇ ಇಟ್ಟಿರಲಿಲ್ಲ.

"ಥೂ" ಎಂದರು ಮೇಸ್ತ್ರಿ. ಫೋನ್ ಇಟ್ಟರು.

ಹತ್ತೂವರೆಯ ಬಸ್ಸು ಹಿಡಿದೆ. ಅಕ್ಕನ ಮನೆಯಲ್ಲಿ ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ಹೋದೆ. ಮಂಟಪ ನಡುಮನೆಗೆ ಹೋಗಿತ್ತು. ಗೂಡಿನ ಬಾಗಿಲು ಕಿತ್ತಿದ್ದರು. ಹೊಸ ಕಿತ್ತಳೆ ಬಣ್ಣದ ಟ್ಯೂಬು. ಮಂಡಿಯೂರಿ ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋದೆ. ಕಟ್ಟೆಯ ಮೂಲೆಯಲ್ಲಿ, ಅಕ್ಕಿ ಡಬ್ಬದ ಹಿಂದೆ, ಹೊಸ ಟಿ ಒಂದು ಕೂತಿತ್ತು. ಹೊಳೆಯುತ್ತಿತ್ತು.

"ಇದೇನೇ, ಬಂದೋಳು ನೆಲದ ಮೇಲೆ ಕೂತೆ?" ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಪುಟ್ಟಿ ಅವಳ ಕಾಲಿಗೆ ಆತುಕೊಂಡಿದ್ದಳು. "ಶ್ರಾವಣಕ್ಕೆ ಹೋಳಿಗೆ ಮಾಡೋಕೆ ಹಿತ್ತಲ ಒಲೆ ಬೇಕು ಅಂತ ಅತ್ತೆ... ಏಳು ಮೇಲೆ, ಕಾಫಿ ಕುಡಿ ಬಾ."

"ಮಗೂನ ಎತ್ಕೊಂಡು ಬೀದಿಗೆ ಹೋಗಿ ನಿಂತ್ಕೋ" ಎಂದು ಎದ್ದು ಒಲೆ ಆರಿಸಿ, ರೆಗ್ಯುಲೇಟರಿಗೆ ಕೈ ಹಾಕಿದೆ. "ಅತ್ತೇನೂ ಕರ್ಕೊಂಡ್ ಹೋಗು."